ಒಲೆ ಸರಿಯಾಗೇ ಇದೆ, ಮೊದ್ಲು ಸೌದೆ ಸೀಳಿ ನೋಡಿ

ಚಳಿ ಶುರುವಾಯ್ತು ಅಂದ್ರೆ ನಂಗೆ ಬರೋ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಕಂಪ್ಲೇಂಟು. "ಸಾರ್, ಬಿಲ್ ಕಮ್ಮಿ ಆಗ್ಲಿ ಅಂತ ಒಲೆ ಹಾಕಿಸಿದ್ವಿ, ಈಗ ನೋಡಿದ್ರೆ ಕರೆಂಟ್ ಬಿಲ್ಲೂ ಅಷ್ಟೇ ಬರ್ತಿದೆ, ಸೌದೆ ದುಡ್ಡು ಬೇರೆ, ಮನೆ ಬೆಚ್ಚಗಾಗಲ್ಲ, ಗಾಜು ಎರಡೇ ದಿನಕ್ಕೆ ಕಪ್ಪಾಗುತ್ತೆ, ಪಕ್ಕದ ಮನೆಯವ್ರು ಹೊಗೆ ಅಂತ ಜಗಳಕ್ಕೆ ಬರ್ತಿದಾರೆ, ಒಲೇಲೇ ಏನೋ ಡಿಫೆಕ್ಟ್ ಇದೆ." ಸೌದೆ ಒಣಗಿದ್ಯಾ ಅಂತ ಕೇಳ್ತೀನಿ. ಉತ್ತರ ರೆಡಿ ಇರುತ್ತೆ. "ಓ, ಅದು ಪಕ್ಕಾ ಒಣಗಿದೆ ಸಾರ್, ಆ ಬಗ್ಗೆ ಯೋಚ್ನೆನೇ ಬೇಡ." ನಮ್ಮನೆ ಸೌದೆ ಹಸಿ ಅಂತ ತಾನಾಗೇ ಒಪ್ಕೊಂಡ ಕಸ್ಟಮರ್ ನಂಗಿನ್ನೂ ಸಿಕ್ಕಿಲ್ಲ.

ನಾನು ಮಾತಾಡ್ತಿರೋದು ರೂಮು ಬಿಸಿ ಮಾಡೋ ಒಲೆ ಬಗ್ಗೆ, ಗಾಜಿನ ಬಾಗಿಲು, ಗಾಳಿ ಹೆಚ್ಚು ಕಮ್ಮಿ ಮಾಡೋ ಲಿವರ್, ಮೇಲೆ ಹೊಗೆ ಕೊಳವೆ ಇರುತ್ತಲ್ಲ ಅದು. ಇಂಥವನ್ನ ಕೂರಿಸೋದು, ಚೆಕ್ ಮಾಡೋದು, ಜೊತೆಗೆ ಮನೆಯ ಎನರ್ಜಿ ಖರ್ಚು ಎಲ್ಲಿ ಸೋರ್ತಿದೆ ಅಂತ ಹುಡುಕಿ ಕೊಡೋದು ನನ್ನ ಕೆಲಸ. ಕಿಟಕಿ ಸಂದು ಮುಚ್ಚಿ ಅಂದ್ರೆ ಜನ ಮುಚ್ತಾರೆ, ಅಟ್ಟಕ್ಕೆ ಇನ್ಸುಲೇಷನ್ ಹಾಕ್ಸಿ ಅಂದ್ರೆ ಗೊಣಗ್ತಾ ಆದ್ರೂ ಹಾಕ್ಸ್ತಾರೆ. ಸೌದೆ ವಿಷಯಕ್ಕೆ ಬಂದಾಗ ಮಾತ್ರ ಎಲ್ಲರೂ ಪಂಡಿತರೇ.

ಒಣಗಿದೆ ಅಂತ ಹೆಂಗೆ ಗೊತ್ತು ಅಂದ್ರೆ ಒಬ್ರು ಎರಡು ತುಂಡು ಬಡಿದು ಟಣ್ ಅನ್ನೋ ಸದ್ದು ಕೇಳಿಸ್ತಾರೆ, ಇನ್ನೊಬ್ರು ತುದೀಲಿ ಬಿರುಕು ಬಿಟ್ಟಿರೋದು ತೋರಿಸ್ತಾರೆ, ಮತ್ತೊಬ್ರು "ಮೂರು ವರ್ಷದ ಹಿಂದೆ ಕಡಿದ ಮರ ಸಾರ್" ಅಂತಾರೆ. ಇದ್ಯಾವುದೂ ಸುಳ್ಳಲ್ಲ, ಆದ್ರೆ ಬಿರುಕು ಕಾಣೋದು ಹೊರಗೆ, ನೀರು ಇರೋದು ಒಳಗೆ. ಮೂರು ವರ್ಷದ ಲೆಕ್ಕವಂತೂ ನಂಗೆ ತಲೆನೋವು. ಮರ ಕಡಿದ ದಿನದಿಂದ ಸರಿಯಾಗಿ ಒಣಗೋಕೆ ಶುರುವಾಗಲ್ಲ, ಸೀಳಿದ ದಿನದಿಂದ ಶುರುವಾಗೋದು. ತೊಗಟೆ ಇರೋದೇ ನೀರು ಹೊರಗೆ ಹೋಗದ ಹಾಗೆ ತಡೆಯೋಕೆ, ದುಂಡನೆ ದಿಮ್ಮಿ ಹಂಗೇ ಬಿದ್ದಿದ್ರೆ ತುದಿಯಿಂದ ಒಂಚೂರು ಒಣಗುತ್ತೆ, ತಿರುಳು ಹಸಿಹಸಿಯಾಗೇ ಇರುತ್ತೆ, ವರ್ಷಗಟ್ಲೆ.

ಎರಡು ಪಿನ್ ಚುಚ್ಚಿದ್ರೆ ಮರದಲ್ಲಿ ನೀರು ಎಷ್ಟು ಪರ್ಸೆಂಟ್ ಇದೆ ಅಂತ ತೋರ್ಸೋ ಮಾಯಿಶ್ಚರ್ ಮೀಟರ್ ತಗೊಂಡವ್ರಾದ್ರೂ ಸರಿಯಾಗಿ ಅಳೀತಾರಾ ಅಂದ್ರೆ ಅದೂ ಇಲ್ಲ. ಒಬ್ರು ರಿಟೈರ್ಡ್ ಮೇಷ್ಟ್ರು ಇದಾರೆ, ನಂಗೆ ಬಲು ಇಷ್ಟದ ಕಸ್ಟಮರ್, ಅವರ ಮನೆಗೆ ಹೋದ್ರೆ ನನ್ನ ಮುಂದೆ ಒಂದು ನೋಟ್‌ಬುಕ್ ಇಟ್ರು. ಒಂದೊಂದು ತುಂಡಿಗೂ ನಂಬರ್ ಕೊಟ್ಟು, ಎದುರಿಗೆ ರೀಡಿಂಗ್, 15, 17, 16, ಸ್ಕೇಲ್ ಹಿಡಿದು ಗೆರೆ ಎಳೆದ ಟೇಬಲ್ಲು. "ಈಗ ಹೇಳಿ, ಇದಕ್ಕಿಂತ ಒಣಗಿಸ್ಬೇಕಾ?" ಎಲ್ಲಿಗೆ ಚುಚ್ಚಿದ್ರಿ ಅಂದೆ. ಮೇಲ್ಮೈಗೂ ಗರಗಸದಲ್ಲಿ ಕುಯ್ದ ತುದಿಗೂ ಚುಚ್ಚಿದ್ರಂತೆ. ಕೊಡಲಿ ಕೇಳಿ ಇಸ್ಕೊಂಡು 16 ಅಂತ ಬರೆದಿದ್ದ ತುಂಡನ್ನೇ ನಡುವಿಗೆ ಸೀಳಿದೆ, ಹೊಸ ಮುಖದ ಮಧ್ಯಕ್ಕೆ, ನಾರು ಹೋಗಿರೋ ದಿಕ್ಕಿನಲ್ಲೇ ಎರಡೂ ಪಿನ್ ಬರೋ ಹಾಗೆ ಚುಚ್ಚಿದೆ. 31. ಅಂಗೈ ಇಟ್ಟು ನೋಡಿ ಅಂದೆ, ತಣ್ಣಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ್ರು. "ಅಂದ್ರೆ ಇಷ್ಟು ದಿನ ನಾನು ಸೌದೆ ಅಳೀತಿರ್ಲಿಲ್ಲ, ತೊಗಟೆ ಅಳೀತಿದ್ದೆ" ಅಂದ್ರು. ಅಷ್ಟು ಸಲೀಸಾಗಿ ಒಪ್ಕೊಳ್ಳೋರು ಅಪರೂಪ, ಬೇರೆಯವ್ರಾಗಿದ್ರೆ ಮೀಟರೇ ಸರಿಯಿಲ್ಲ ಅಂತಿದ್ರು.

ಈಗ ಆ ನಂಬರ್ ವಿಷಯ. ಇದನ್ನ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಎಷ್ಟು ಸಲ ಹೇಳಿದ್ರೂ ಮತ್ತೆ ಫೋನ್ ಬರುತ್ತೆ. ಸೌದೇಲಿ ನೀರು ಎಷ್ಟರೊಳಗೆ ಇರ್ಬೇಕು ಅನ್ನೋದಕ್ಕೆ ಇಂಗ್ಲೆಂಡಿನ ರೂಲ್ 20 ಪರ್ಸೆಂಟ್ ಅನ್ನುತ್ತೆ, ಜರ್ಮನಿಯ ರೂಲ್ 25 ಅನ್ನುತ್ತೆ, ಯಾವುದು ಸರಿ ಅಂತ ಕೇಳ್ತಾರೆ. ಎರಡೂ ಒಂದೇ! 1 ಕೆಜಿ ತುಂಡಿನಲ್ಲಿ 200 ಗ್ರಾಂ ನೀರು, 800 ಗ್ರಾಂ ಮರ ಇದೆ ಅಂತಿಟ್ಕೊಳ್ಳಿ. ನೀರನ್ನ ಒಟ್ಟು ತೂಕಕ್ಕೆ ಹೋಲಿಸಿದ್ರೆ 1000ಕ್ಕೆ 200, ಅಂದ್ರೆ 20 ಪರ್ಸೆಂಟ್. ಅದೇ ನೀರನ್ನ ಬರೀ ಒಣ ಮರದ ತೂಕಕ್ಕೆ ಹೋಲಿಸಿದ್ರೆ 800ಕ್ಕೆ 200, ಅಂದ್ರೆ 25. ತುಂಡು ಅದೇ, ನೀರು ಅದೇ, ಲೆಕ್ಕ ಹಾಕೋ ರೀತಿ ಬೇರೆ. ಆಗಷ್ಟೇ ಕಡಿದ ಮರದಲ್ಲಿ ಎಷ್ಟೋ ಸಲ ಅರ್ಧಕ್ಕರ್ಧ ನೀರೇ ಇರುತ್ತೆ, ಮೊದಲ್ನೇ ಲೆಕ್ಕದಲ್ಲಿ ಅದು 50, ಎರಡನೇದ್ರಲ್ಲಿ 100. ಪಿನ್ ಇರೋ ಮೀಟರ್‌ಗಳು ಸಾಮಾನ್ಯವಾಗಿ ತೋರ್ಸೋದು ಎರಡನೇ ಲೆಕ್ಕ, ಅವು ಮೂಲತಃ ಬಡಗಿಗಳಿಗೆ ಅಂತ ಮಾಡಿರೋದು. ಹಾಗಾಗಿ ಸೀಳಿದ ಮುಖದಲ್ಲಿ 24 ಬಂತು ಅಂತ ಗಾಬರಿಯಾಗಿ ಒಳ್ಳೆ ಸೌದೇನ ವಾಪಸ್ ಕಳಿಸ್ಬೇಡಿ, ನಿಮ್ಮ ಮೀಟರ್ ಯಾವ ಲೆಕ್ಕದ್ದು ಅಂತ ಜೊತೆಗೆ ಕೊಟ್ಟಿರೋ ಪೇಪರ್ ಓದಿ. ಮರದ ಜಾತಿ, ಆಗಿನ ಟೆಂಪರೇಚರ್ ಮೇಲೂ ಒಂದೆರಡು ಪಾಯಿಂಟ್ ಆಚೀಚೆ ಆಗುತ್ತೆ. 30 ದಾಟಿದ ಮೇಲೆ ಆ ಮೀಟರ್ ಹೇಳೋ ನಂಬರ್‌ನ ನಾನು ನಂಬಲ್ಲ, ಹಸಿ ಅಂತಷ್ಟೇ ಓದ್ಕೋತೀನಿ.

ದುಡ್ಡಿಗೆ ಬರೋಣ, ಎಲ್ಲರಿಗೂ ಬೇಕಿರೋದು ಅದೇ ತಾನೆ. 20 ಪರ್ಸೆಂಟ್ ನೀರಿರೋ 1 ಕೆಜಿ ಸೌದೇಲಿ ಸುಮಾರು 4 ಯೂನಿಟ್ ಶಾಖ ಇರುತ್ತೆ, ಕರೆಂಟ್ ಬಿಲ್ಲಲ್ಲಿ ಬರುತ್ತಲ್ಲ ಅದೇ ಯೂನಿಟ್. ಅರ್ಧ ನೀರಿರೋ 1 ಕೆಜಿಯಲ್ಲಿ 2ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಳ್ಳೆ ಒಲೆ ಅದರಲ್ಲಿ ಮುಕ್ಕಾಲು ಭಾಗ ರೂಮಿಗೆ ಕೊಡುತ್ತೆ, ಅಂದ್ರೆ ಒಣ ಸೌದೆ ಕೆಜಿಗೆ 3 ಯೂನಿಟ್. ಸೌದೆಯ ಕೆಜಿ ರೇಟನ್ನ 3ರಿಂದ ಭಾಗಿಸಿ ನಿಮ್ಮ ಕರೆಂಟ್ ಅಥವಾ ಗ್ಯಾಸಿನ ಯೂನಿಟ್ ರೇಟ್ ಪಕ್ಕ ಇಟ್ಟು ನೋಡಿ. ಇನ್ನೊಂದು ವಿಷಯ, ನಂಗೆ ವ್ಯಾಪಾರ ಕಮ್ಮಿಯಾದ್ರೂ ಪರ್ವಾಗಿಲ್ಲ ಹೇಳ್ತೀನಿ, ಹೊರಗಿನ ಶಾಖ ಎಳೆದು ಮನೆ ಒಳಗೆ ತರೋ ಹೀಟ್ ಪಂಪ್ ಇರೋ ಮನೇಲಿ 1 ಯೂನಿಟ್ ಕರೆಂಟಿಗೆ ಹತ್ತಿರ ಹತ್ತಿರ 3 ಯೂನಿಟ್ ಶಾಖ ಸಿಗುತ್ತೆ, ಅಂಥ ಕಡೆ ದುಡ್ಡು ಕೊಟ್ಟು ತಂದ ಸೌದೆ ಎಷ್ಟೋ ಸಲ ಲಾಭವೇ ಅಲ್ಲ. ಸೌದೆ ಫ್ರೀಯಾಗಿ ಸಿಗುತ್ತೆ ಅನ್ನೋರ ಲೆಕ್ಕ ಬೇರೆ, ಅವ್ರು ಸೀಳೋ ಬೆನ್ನುನೋವನ್ನ ಲೆಕ್ಕಕ್ಕೆ ತಗೊಳ್ಳಲ್ಲ.

ಇಲ್ಲಿಗೆ ಕೆಲವರು ಬುದ್ಧಿವಂತರು ಇನ್ನೊಂದು ಲೆಕ್ಕ ತೆಗೀತಾರೆ. 1 ಲೀಟರ್ ನೀರು ಆವಿಯಾಗೋಕೆ ಬೇಕಿರೋದು ಮುಕ್ಕಾಲು ಯೂನಿಟ್ಟಿಗಿಂತ ಕಮ್ಮಿ, ಅದೇನ್ ಮಹಾ ನಷ್ಟ, ಎರಡು ತುಂಡು ಜಾಸ್ತಿ ಹಾಕಿದ್ರಾಯ್ತು ಅಂತ. ಲೆಕ್ಕ ಸರಿಯಾಗಿದೆ, ಅವ್ರು ಒಲೆ ಒಳಗೆ ಏನಾಗುತ್ತೆ ಅನ್ನೋದನ್ನ ಬಿಟ್ಟಿದಾರೆ. ಮರಕ್ಕೆ ಬಿಸಿ ತಾಗಿದಾಗ ಅದರ ತೂಕದ ಬಹುಪಾಲು ಮೊದ್ಲು ಅನಿಲವಾಗಿ ಹೊರಗೆ ಬರುತ್ತೆ, ನಾವು ನೋಡೋ ಹಳದಿ ಜ್ವಾಲೆ ಆ ಅನಿಲ ಉರಿಯೋದು, ಕೆಂಡ ಆಗೋದು ಉಳಿದ ಸ್ವಲ್ಪ ಮಾತ್ರ. ಆ ಅನಿಲ ಪೂರ್ತಿ ಉರೀಬೇಕು ಅಂದ್ರೆ ಒಲೆ ಒಳಗೆ ಸುಮಾರು 600 ಡಿಗ್ರಿ ಬೇಕು. ಹಸಿ ತುಂಡಿನಿಂದ ನೀರು ಆರೋತನಕ ಆ ಶಾಖ ಏರೋದೇ ಇಲ್ಲ, ತುದೀಲಿ ಸುಂಯ್ ಅಂತ ನೊರೆ ಬರ್ತಾ ಕೂತಿರುತ್ತೆ, ಅಷ್ಟರಲ್ಲಿ ಅನಿಲ ಉರೀದೇ ಹೊಗೆಯಾಗಿ ಚಿಮಣಿ ಹತ್ತಿ ಹೋಗುತ್ತೆ. ಪಕ್ಕದ ಮನೆಯವ್ರು ಬೈತಿರೋ ಆ ಹೊಗೆ ನೀವು ದುಡ್ಡು ಕೊಟ್ಟು ತಂದ ಸೌದೇನೇ ಸ್ವಾಮಿ. ಗಾಜಿನ ಮೇಲಿನ ಕಪ್ಪೂ ಅದೇ. ಕೊಳವೆ ಒಳಗೆ ಡಾಂಬರಿನ ಹಾಗೆ ಮೆತ್ತಿಕೊಳ್ಳೋದೂ ಅದೇ, ಒಂದಿನ ಜೋರು ಉರಿ ಹಾಕಿದಾಗ ಚಿಮಣಿಗೇ ಬೆಂಕಿ ಹತ್ತೋದು ಅದರಿಂದ.

ರೂಲ್ಸ್ ಬಗ್ಗೆ ಜನಕ್ಕಿರೋ ಸಿಟ್ಟು ನಂಗೂ ಅರ್ಥ ಆಗುತ್ತೆ. ಒಲೆಗೆ ಒಂದು ರೂಲು, ಸೌದೆಗೆ ಒಂದು, ಏರಿಯಾಗೆ ಇನ್ನೊಂದು. ಹಿನ್ನೆಲೆ ಸ್ವಲ್ಪ ಗೊತ್ತಿದ್ರೆ ಸಿಟ್ಟು ಇಳಿಯುತ್ತೆ ಅನ್ಸುತ್ತೆ. 1952ರ ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಹೊಗೆ ಮಂಜು ಸೇರ್ಕೊಂಡು ಐದು ದಿನ ಊರು ಕತ್ತಲಾಗಿ ಸಾವಿರಾರು ಜನ ಸತ್ರು, ಅಲ್ಲಿ ಉರೀತಿದ್ದದ್ದು ಮುಖ್ಯವಾಗಿ ಕಲ್ಲಿದ್ದಲು, 1956ರಲ್ಲಿ ಕಾನೂನು ಬಂತು, ಹೊಗೆ ಬಿಡಬಾರದ ಏರಿಯಾ ಅಂತ ಗುರುತು ಮಾಡೋಕೆ ಅದು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಕೊಡ್ತು. ಈಗ ಯುರೋಪಿಯನ್ ಯೂನಿಯನ್‌ನಲ್ಲಿ 2022ರಿಂದ ಮಾರೋ ಹೊಸ ಮುಚ್ಚಿದ ಸೌದೆ ಒಲೆಗೆ ಕನಿಷ್ಠ 65 ಪರ್ಸೆಂಟ್ ದಕ್ಷತೆ ಇರ್ಬೇಕು, ಅಮೆರಿಕದಲ್ಲಿ 2020ರಿಂದ ಹೊಸ ಒಲೆ ಗಂಟೆಗೆ ಎಷ್ಟು ಗ್ರಾಂ ಹೊಗೆ ಕಣ ಬಿಡಬಹುದು ಅನ್ನೋ ಮಿತಿ ಇನ್ನೂ ಬಿಗಿಯಾಗಿದೆ, ಇಂಗ್ಲೆಂಡ್‌ನಲ್ಲಿ 2021ರ ಮೇಯಿಂದ 2 ಘನ ಮೀಟರ್‌ಗಿಂತ ಕಮ್ಮಿ ಪ್ರಮಾಣದಲ್ಲಿ ಮಾರೋ ಸೌದೇಲಿ ನೀರು 20 ಪರ್ಸೆಂಟ್ ದಾಟೋ ಹಾಗಿಲ್ಲ. ನಿಮ್ಮಲ್ಲಿ ಏನಿದೆ ಅನ್ನೋದನ್ನ ನಿಮ್ಮ ಸ್ಥಳೀಯ ಆಡಳಿತದ ಹತ್ರ ಕೇಳಿ, ನನ್ನ ಮಾತು ನಂಬ್ಕೊಂಡು ಕೂರ್ಬೇಡಿ, ಇವು ಬದಲಾಗ್ತಾನೇ ಇರ್ತವೆ.

ಜನ ತಪ್ಪು ತಿಳ್ಕೊಳ್ಳೋದು ಎಲ್ಲಿ ಅಂದ್ರೆ, ಒಲೆಗೆ ಸರ್ಟಿಫಿಕೇಟ್ ಇದ್ಯಲ್ಲ, ಇನ್ನೇನು ಹಾಕಿ ಉರಿಸಿದ್ರೂ ನಡಿಯುತ್ತೆ ಅಂತ. ಆ ಸರ್ಟಿಫಿಕೇಟ್ ಸಿಕ್ಕಿದ್ದು ಲ್ಯಾಬಲ್ಲಿ ಅಳೆದು ತೂಗಿ ಒಣ ಸೌದೆ ಹಾಕಿ ಟೆಸ್ಟ್ ಮಾಡಿದಾಗ. ನೀವು ಹಸಿ ದಿಮ್ಮಿ ಹಾಕಿದ ಕ್ಷಣ ಆ ಕಾಗದಕ್ಕೂ ನಿಮ್ಮ ಒಲೆಗೂ ಸಂಬಂಧ ಇಲ್ಲ. ಹಳೇ ಒಲೆ ತೆಗೆದು ಹೊಸಾದು ಹಾಕ್ಸಿ, ಹೊಗೆ ಮಾತ್ರ ಮೊದ್ಲಿನ ಹಾಗೇ ಇದೆ ಅಂತ ನನ್ನ ಮೇಲೆ ರೇಗಾಡಿದವ್ರ ಮನೆ ಶೆಡ್ಡಿಗೆ ಹೋಗಿ ನೋಡಿದ್ರೆ, ಅದೇ ಹಳೇ ಸೌದೆ ರಾಶಿ.

ರಾತ್ರಿ ಗಾಳಿ ಪೂರ್ತಿ ಮುಚ್ಚಿ ಬೆಳಗಿನ ತನಕ ಹೊಗೆಯಾಡಿಸೋರ ಬಗ್ಗೆ ಬೇರೆನೇ ಬರೀಬೇಕು. ಸೌದೆ ಉಳೀತು ಅಂದ್ಕೋತಾರೆ. ಹಸಿ ಸೌದೆ ಜೊತೆ ಇದೂ ಸೇರಿದ್ರೆ ಚಿಮಣಿ ಕ್ಲೀನ್ ಮಾಡೋಕೆ ಬರೋನ ಮುಖ ನೋಡೋಕಾಗಲ್ಲ. ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷ ಅನಿಲದ ಅಪಾಯ ಬೇರೆ, ವಾಸನೆ ಇಲ್ಲ, ಬಣ್ಣ ಇಲ್ಲ. ಒಲೆ ಇರೋ ರೂಮಲ್ಲಿ ಅದರ ಅಲಾರ್ಮ್ ಇಲ್ದಿದ್ರೆ ಓದೋದು ನಿಲ್ಲಿಸಿ ಹೋಗಿ ತನ್ನಿ.

ಒಣಗಿಸೋದು ಕಷ್ಟ ಏನಲ್ಲ, ತಾಳ್ಮೆ ಬೇಕು. ಸೀಳಿ, ನೆಲದಿಂದ ಎತ್ತರಿಸಿ ಪೇರಿಸಿ, ಮಳೆ ಬೀಳದ ಹಾಗೆ ಮೇಲೆ ಮಾತ್ರ ಮುಚ್ಚಿ, ಪಕ್ಕ ಗಾಳಿಗೆ ಬಿಡಿ. ಟಾರ್ಪಾಲ್‌ನಲ್ಲಿ ನಾಲ್ಕೂ ಕಡೆ ಸುತ್ತಿದ್ರೆ ಹೊರಗೆ ಬಂದ ನೀರು ಒಳಗೇ ಹನಿಯುತ್ತೆ. ಎಷ್ಟು ದಿನ ಅಂದ್ರೆ ಮರ, ದಪ್ಪ, ಗಾಳಿ ನೋಡ್ಕೊಂಡು ಒಂದರಿಂದ ಎರಡು ವರ್ಷ, ಓಕ್‌ನಂಥ ಗಟ್ಟಿ ಮರಕ್ಕೆ ಇನ್ನೂ ಜಾಸ್ತಿ ಬೇಕಾಗಬಹುದು.

ಮೇಷ್ಟ್ರು ಈಗ ಮೀಟರನ್ನ ಡ್ರಾಯರ್‌ಗೆ ಹಾಕಿ ತಕ್ಕಡಿ ಹಿಡಿದಿದಾರೆ. ರಾಶೀಲಿ ಬೇರೆ ಬೇರೆ ಕಡೆಯಿಂದ ಒಂದಷ್ಟು ತುಂಡು ಆರಿಸಿ, ಪೆನ್ಸಿಲ್‌ನಲ್ಲಿ ತಾರೀಖು, ತೂಕ ಅದರ ಮೇಲೇ ಬರೀತಾರೆ, ತಿಂಗಳು ಬಿಟ್ಟು ಮತ್ತೆ ತೂಗ್ತಾರೆ, ತೂಕ ಇಳಿಯೋದು ನಿಂತ್ರೆ ಆ ಗಾಳೀಲಿ ಒಣಗೋವಷ್ಟು ಒಣಗಿದೆ ಅಂತ. ನಾನು ಹೇಳ್ಕೊಟ್ಟಿದ್ದಲ್ಲ ಇದು. ಆಮೇಲೆ ಸೀಳಿ ಒಂದ್ಸಲ ಮೀಟರ್ ಚುಚ್ಚಿ ಖಾತ್ರಿ ಮಾಡ್ಕೊಂಡ್ರೆ ಸಾಕು.

ಈ ವರ್ಷದ ರಾಶಿ ಹಸಿ ಅಂತ ಈಗ ಗೊತ್ತಾಯ್ತು, ಏನ್ ಮಾಡ್ಲಿ ಅಂತ ಕೇಳ್ತೀರ. ಅದನ್ನ ಮುಂದಿನ ವರ್ಷಕ್ಕೆ ಬಿಡಿ, ಈ ಚಳಿಗೆ ಒಣಗಿದ್ದನ್ನ ಸ್ವಲ್ಪ ಸ್ವಲ್ಪ ತನ್ನಿ, ತಂದ ತಕ್ಷಣ ಒಂದು ತುಂಡು ಸೀಳಿ ನೋಡಿ. ಎರಡು ಒಣ ತುಂಡಿನ ಮಧ್ಯೆ ಒಂದು ಹಸೀದು ತೂರಿಸಿ ಅಡ್ಜಸ್ಟ್ ಮಾಡೋಕೆ ಹೋಗ್ಬೇಡಿ, ಉರಿ ಇಳಿಯುತ್ತೆ ಅಷ್ಟೇ. ಇನ್ನು ಬೇಗ ಒಣಗ್ಲಿ ಅಂತ ಉರಿಯೋ ಒಲೆಗೇ ತಾಗಿಸಿ ಸೌದೆ ಒರಗಿಸಿ ಇಡೋರು ದಯವಿಟ್ಟು ಈಗ್ಲೇ ಎದ್ದು ಹೋಗಿ ಅದನ್ನ ಆಚೆ ಎತ್ತಿಡಿ, ಎಷ್ಟು ದೂರ ಇರ್ಬೇಕು ಅಂತ ಒಲೆ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತೆ.