ಹಲ್ಲಿಲ್ಲದ ಗೇರ್‌ನಲ್ಲಿ ಶಕ್ತಿ ಎಲ್ಲಿ ಸೋರುತ್ತದೆ?

ಬೆಂಗಳೂರಿನ ಪೀಣ್ಯದ ವರ್ಕ್‌ಶಾಪ್‌ಗಳಲ್ಲಿ ತಯಾರಾಗುವ ಸಾಮಾನ್ಯ ಗೇರ್‌ನಲ್ಲಿ ಹಲ್ಲಿಗೆ ಹಲ್ಲು ಉಜ್ಜುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಅದಕ್ಕೇ ಎಣ್ಣೆ ಬೇಕು. ಮ್ಯಾಗ್ನೆಟಿಕ್ ಗೇರ್‌ನಲ್ಲಿ ಹಲ್ಲೇ ಇಲ್ಲ. ಚಕ್ರಗಳ ನಡುವೆ ಬರೀ ಗಾಳಿಯ ಸಂದು. ಹಾಗಾದರೆ ಘರ್ಷಣೆ ಸೊನ್ನೆ ಅಲ್ವಾ? ಅಲ್ಲ. ಯಾಕೆ ಅಂತ ನೋಡೋಣ.

2001ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಅಟಲ್ಲಾ ಮತ್ತು ಹೌ ವಿವರಿಸಿದ ವಿನ್ಯಾಸವನ್ನೇ ತೆಗೆದುಕೊಳ್ಳಿ. ಒಂದರೊಳಗೆ ಒಂದು ಮೂರು ಉಂಗುರಗಳು. ಒಳಗಿನದರಲ್ಲಿ 4 ಜೋಡಿ ಮ್ಯಾಗ್ನೆಟ್ ಧ್ರುವಗಳು, ಹೊರಗಿನದರಲ್ಲಿ 22 ಜೋಡಿ. ಮಧ್ಯದಲ್ಲಿ 26 ಉಕ್ಕಿನ ತುಂಡುಗಳು, ಅವು ಅಲುಗಾಡುವುದಿಲ್ಲ. ಇಡೀ ಜಾಣತನ ಇರುವುದು ಈ ತುಂಡುಗಳಲ್ಲಿ. ಒಂದು ಸುತ್ತಿನಲ್ಲಿ 4 ಸಲ ಏರಿಳಿಯುವ ಒಳಗಿನ ಕಾಂತಕ್ಷೇತ್ರ 26 ತುಂಡುಗಳನ್ನು ಹಾದು ಬಂದಾಗ, ಅದರೊಳಗೆ 26 − 4 = 22 ಏರಿಳಿತದ ಹೊಸ ಕ್ಷೇತ್ರವೂ ಹುಟ್ಟುತ್ತದೆ. ಹೊರಗಿನ 22 ಜೋಡಿ ಅದನ್ನೇ ಹಿಡಿದುಕೊಂಡು ಸುತ್ತುತ್ತವೆ. ವೇಗ 22/4, ಅಂದರೆ 5.5 ಪಟ್ಟು ಕಡಿಮೆಯಾಗುತ್ತದೆ, ದಿಕ್ಕು ಉಲ್ಟಾ. ನಷ್ಟವನ್ನು ಬಿಟ್ಟರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಅಷ್ಟೇ ಪಟ್ಟು ಜಾಸ್ತಿ. ಈ ಲೆಕ್ಕವನ್ನು ಬಾಯಿಪಾಠ ಮಾಡಬೇಡಿ, ಒಮ್ಮೆ ಚಿತ್ರ ಬರೆದು ನೋಡಿ.

ಲೋಡ್ ಮಿತಿ ಮೀರಿದರೆ ಏನೂ ಮುರಿಯುವುದಿಲ್ಲ, ಹಿಡಿತ ತಪ್ಪಿ ಜಾರುತ್ತದೆ. ನನಗೆ ಇದರ ಅತಿ ದೊಡ್ಡ ಗುಣ ಇದೇ ಅನ್ನಿಸುತ್ತದೆ.

ಈಗ ನಷ್ಟದ ವಿಷಯ. ಮನೆಗಳಲ್ಲಿದ್ದ ಹಳೆಯ ಕರೆಂಟ್ ಮೀಟರ್ ನೆನಪಿದೆಯಾ? ಅದರೊಳಗೆ ತಿರುಗುವ ಅಲ್ಯೂಮಿನಿಯಂ ತಟ್ಟೆಯ ಅಂಚನ್ನು ಒಂದು ಮ್ಯಾಗ್ನೆಟ್ ತಬ್ಬಿಕೊಂಡಿರುತ್ತದೆ, ಮುಟ್ಟುವುದಿಲ್ಲ. ಆದರೂ ಅದೇ ಬ್ರೇಕ್. ಲೋಹದ ಎದುರು ಕ್ಷೇತ್ರ ಬದಲಾದಾಗ ಲೋಹದೊಳಗೆ ಸುಳಿಯಂತೆ ವಿದ್ಯುತ್ ಹರಿಯುತ್ತದೆ. ಇದೇ ಎಡ್ಡಿ ಕರೆಂಟ್. ಅದು ಚಲನೆಯನ್ನು ತಡೆಯುತ್ತದೆ, ಶಕ್ತಿ ಶಾಖವಾಗುತ್ತದೆ. ನೋಡಲೇಬೇಕು ಅಂದರೆ ಎಸ್‌ಪಿ ರೋಡಿನಲ್ಲಿ ಪುಟ್ಟ ನಿಯೋಡಿಮಿಯಂ ಮ್ಯಾಗ್ನೆಟ್ ತಂದು ದಪ್ಪ ತಾಮ್ರದ ಪೈಪಿನೊಳಗೆ ಬಿಡಿ. ತಾಮ್ರಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ, ಆದರೂ ಅದು ನಿಧಾನವಾಗಿ ಇಳಿಯುತ್ತದೆ.

ಮ್ಯಾಗ್ನೆಟಿಕ್ ಗೇರ್‌ನ ಉಕ್ಕಿನ ತುಂಡುಗಳಲ್ಲೂ ಮ್ಯಾಗ್ನೆಟ್‌ಗಳಲ್ಲೂ ನಡೆಯುವುದು ಇದೇ. ಅದಕ್ಕೇ ಉಕ್ಕನ್ನು ತೆಳು ಹಾಳೆಗಳಾಗಿ ಜೋಡಿಸುತ್ತಾರೆ. ಉಕ್ಕು ಪದೇ ಪದೇ ಕಾಂತೀಯ ದಿಕ್ಕು ಬದಲಿಸುವಾಗ ಆಗುವ ಹಿಸ್ಟರಿಸಿಸ್ ನಷ್ಟ ಬೇರೆ. ಒಂದು ಮಾತು ಗುರುತು ಹಾಕಿಕೊಳ್ಳಿ: ಈ ನಷ್ಟಗಳು ಲೋಡ್‌ಗಿಂತ ವೇಗವನ್ನು ಅವಲಂಬಿಸುತ್ತವೆ. ಸುಮ್ನೆ ತಿರುಗಿಸಿದರೂ ಶಕ್ತಿ ಹೋಗುತ್ತದೆ. ಹಾಗಾಗಿ ಕಡಿಮೆ ಲೋಡ್‌ನಲ್ಲಿ ದಕ್ಷತೆ ಬೀಳುತ್ತದೆ.

ಶಾಫ್ಟ್ ಹಿಡಿಯಲು ಬೇರಿಂಗ್ ಬೇಕೇ ಬೇಕು, ಅಲ್ಲಿ ಮಾಮೂಲಿ ಘರ್ಷಣೆ ಇದೆ. ಮ್ಯಾಗ್ನೆಟ್‌ನಿಂದಲೇ ತೇಲಿಸಬಹುದಲ್ವಾ ಅಂತ ಕೇಳಬಹುದು. ಕದಲದ ಶಾಶ್ವತ ಮ್ಯಾಗ್ನೆಟ್‌ಗಳಷ್ಟರಿಂದಲೇ ಇನ್ನೊಂದು ಮ್ಯಾಗ್ನೆಟ್ ಸ್ಥಿರವಾಗಿ ತೇಲಿ ನಿಲ್ಲುವುದಿಲ್ಲ ಎಂಬುದು 1842ರ ಅರ್ನ್‌ಶಾ ಪ್ರಮೇಯದಿಂದ ಬರುತ್ತದೆ. ಸೆನ್ಸರ್ ಮತ್ತು ವಿದ್ಯುತ್ಕಾಂತ ಇಟ್ಟು ತೇಲಿಸುತ್ತಾರೆ, ಅದಕ್ಕೆ ಕರೆಂಟ್ ಖರ್ಚು.

ಸೂಪರ್‌ಕಂಡಕ್ಟರ್ ಅಂದರೆ ಬಹಳ ತಣ್ಣಗಾದಾಗ ವಿದ್ಯುತ್‌ಗೆ ತಡೆ ಒಡ್ಡದ ವಸ್ತು. ಅದರ ಮೇಲೆ, −196 ಡಿಗ್ರಿಯ ದ್ರವ ಸಾರಜನಕದಲ್ಲಿ, ಮ್ಯಾಗ್ನೆಟ್ ನಿಜವಾಗಿಯೂ ತೇಲುತ್ತದೆ. ಬಹಳ ಹೊತ್ತು ತಿರುಗುತ್ತದೆ, ಆದರೆ ಗಾಳಿ ಮತ್ತು ಮ್ಯಾಗ್ನೆಟ್‌ನ ಸಣ್ಣ ಅಸಮತೆ ಕೊನೆಗೆ ನಿಲ್ಲಿಸುತ್ತವೆ. ಸೂಪರ್‌ಕಂಡಕ್ಟರ್ ಉಂಗುರದಲ್ಲಿ ಹರಿಯುವ ನೇರ ವಿದ್ಯುತ್‌ಗೆ ಮಾತ್ರ ಅಳೆಯಬಹುದಾದ ತಡೆಯೇ ಇಲ್ಲ. ಘರ್ಷಣೆಯಿಲ್ಲದ ಚಲನೆ ಪ್ರಕೃತಿಯಲ್ಲಿ ಇದೆ ಅನ್ನಲು ಇದು ಗಟ್ಟಿ ಉದಾಹರಣೆ. ಆದರೆ ಅದರಿಂದಲೂ ಪುಕ್ಕಟೆ ಶಕ್ತಿ ಸಿಗುವುದಿಲ್ಲ: ಆ ಉಂಗುರದಿಂದ ಒಂದು ಬಲ್ಬ್ ಉರಿಸಲು ಹೋದರೆ, ಬಲ್ಬ್ ತೆಗೆದುಕೊಂಡಷ್ಟು ಶಕ್ತಿ ಅದರಲ್ಲಿ ಕಡಿಮೆಯಾಗುತ್ತದೆ.