ಪಟ್ಟಿ ನಮ್ಮದು, ಹಡಗು ಯಾರದು?

ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೂತು ಪರೀಕ್ಷೆಗಾಗಿ ನೌಕಾಪಡೆ ಬಗ್ಗೆ ಓದುವುದು ತಮಾಷೆಯೇ. ನಮಗೆ ಸಮುದ್ರ ಅಂದರೆ ಕಾರವಾರ, ಅದೂ ಘಟ್ಟ ಇಳಿದ ಮೇಲೆ. ಆದರೂ ಈ ಟಾಪಿಕ್ ಬಿಡಬೇಡಿ. ಇನ್ನೂ ಬ್ರಿಟನ್ನಿನ ಕೈಕೆಳಗಿದ್ದ ನಾಡು ಸ್ವಂತ ನೌಕಾಪಡೆ ಬೇಕು ಅಂದದ್ದು ಯಾಕೆ? ಆಸ್ಟ್ರೇಲಿಯಾದ ಕಥೆ ನೋಡಿ.

1887ರ ಒಪ್ಪಂದದಂತೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ವಸಾಹತುಗಳು ಬ್ರಿಟನ್ನಿಗೆ ವರ್ಷಕ್ಕೆ 1,26,000 ಪೌಂಡ್ ಕೊಡಬೇಕಿತ್ತು. ಬದಲಿಗೆ ಒಂದಷ್ಟು ಹೆಚ್ಚುವರಿ ಹಡಗುಗಳು ಅವರ ಸಮುದ್ರದಲ್ಲೇ ಇರುತ್ತವೆ, ಒಪ್ಪಿಗೆ ಇಲ್ಲದೆ ಆಚೆ ಹೋಗುವಂತಿಲ್ಲ. 1902ರ ಒಪ್ಪಂದದಲ್ಲಿ ಮೊತ್ತ 2,40,000 ಪೌಂಡಿಗೆ ಏರಿತು. ಆದರೆ ಹಡಗುಗಳನ್ನು ಚೀನಾ, ಭಾರತದ ಕಡೆಗೂ ಕಳಿಸಬಹುದು ಅಂತಾಯಿತು. ಇದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಓಣಿಯವರು ಪಟ್ಟಿ ಕೂಡಿಸಿ ರಾತ್ರಿ ಕಾವಲಿಗೆ ಗೂರ್ಖಾನನ್ನು ಇಟ್ಟರು ಅನ್ನಿ. ಪಟ್ಟಿ ಜಾಸ್ತಿ ಮಾಡಿದ ವರ್ಷವೇ ಅವನನ್ನು ಬೇರೆ ಓಣಿಗೆ ಕಳಿಸುವ ಹಕ್ಕು ಇನ್ನೊಬ್ಬರಿಗೆ ಹೋದರೆ ಸುಮ್ನೆ ಇರ್ತೀವಾ?

ನೌಕಾ ಅಧಿಕಾರಿ ವಿಲಿಯಂ ಕ್ರೆಸ್‌ವೆಲ್ ಸ್ವಂತ ಪಡೆಗಾಗಿ ವರ್ಷಗಟ್ಟಲೆ ವಾದಿಸಿದರು. ಬಾಡಿಗೆ ಮನೆಯ ಲೆಕ್ಕ ಇದು: ಎಷ್ಟು ಕಟ್ಟಿದರೂ ಕೊನೆಗೆ ಹಡಗೂ ನಿಮ್ಮದಲ್ಲ, ಪಳಗಿದ ನಾವಿಕರೂ ನಿಮ್ಮವರಲ್ಲ. ಪ್ರಧಾನಿ ಡೀಕಿನ್ 1908ರಲ್ಲಿ ಅಮೆರಿಕದ ಯುದ್ಧನೌಕೆಗಳನ್ನು ಕರೆಸಿದರು. ನೋಡಲು ಜನ ಮುಗಿಬಿದ್ದರು. ನಮಗೂ ಇಂಥದ್ದು ಬೇಕು ಅನ್ನುವ ಆಸೆಗೆ ಅಷ್ಟು ಸಾಕಾಯಿತು.

ಲಂಡನ್ನಿನ ಉತ್ತರವನ್ನೂ ಬರೆದುಕೊಳ್ಳಿ. ಸಮುದ್ರ ಒಂದೇ, ಪಡೆಯೂ ಒಂದೇ ಇರಲಿ. ಚೂರುಚೂರಾದರೆ ಶತ್ರು ಒಂದೊಂದಾಗಿ ಮುಳುಗಿಸುತ್ತಾನೆ. ಇದು ದಡ್ಡ ವಾದವಲ್ಲ, ಪರೀಕ್ಷೆಯಲ್ಲಿ ಹಾಗೆ ತಳ್ಳಿಹಾಕಬೇಡಿ. 1911ರಲ್ಲಿ ರಾಯಲ್ ಆಸ್ಟ್ರೇಲಿಯನ್ ನೇವಿ ಆಯಿತು, 1913ರಲ್ಲಿ ಹಡಗುಗಳು ಸಿಡ್ನಿ ಸೇರಿದವು. ಮರುವರ್ಷ ಯುದ್ಧ ಬಂದದ್ದೇ ಅವುಗಳ ಹತೋಟಿ ಮತ್ತೆ ಲಂಡನ್ನಿಗೆ! ಆದರೂ ಹಡಗುಗಳು, ನಾವಿಕರು ಇದ್ದರಲ್ವಾ? 1914ರ ಸೆಪ್ಟೆಂಬರ್ 22ರಂದು ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿದ ಜರ್ಮನ್ ಹಡಗು ಎಮ್ಡೆನ್ ಗೊತ್ತಲ್ಲ? ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಅದನ್ನು ಸದೆಬಡಿದದ್ದು ಆಸ್ಟ್ರೇಲಿಯಾದ 'ಸಿಡ್ನಿ' ಹಡಗು.

ಭಾರತದಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ಬಂತು. ಇಲ್ಲಿ ನೌಕಾಪಡೆ ಮಾಡೋಣ ಅಂದದ್ದು ಬ್ರಿಟಿಷ್ ಸರ್ಕಾರ. ಖರ್ಚು ನಮ್ಮದು, ಹಡಗು ಸಾಮ್ರಾಜ್ಯದ ಕೆಲಸಕ್ಕಾ ಅಂತ ಕೇಳಿದ್ದು ಶಾಸನಸಭೆಯ ನಮ್ಮ ಸದಸ್ಯರು. 1928ರಲ್ಲಿ ಕೇಂದ್ರ ಶಾಸನಸಭೆ ಸರ್ಕಾರದ ನೌಕಾಪಡೆ ಮಸೂದೆಯನ್ನು ಬೀಳಿಸಿತು. ರಾಯಲ್ ಇಂಡಿಯನ್ ನೇವಿ ಹುಟ್ಟಲು 1934 ಬರಬೇಕಾಯಿತು.