ಪಿಕಪ್ ಎತ್ತರವಾಯಿತು, ಬ್ರೇಕ್ ಹೋಸ್ ಉದ್ದವಾಯಿತಾ?

ಅಮೆರಿಕದ ಯೂಟಾ ರಾಜ್ಯದ ಮೋಆಬ್ ಸುತ್ತಮುತ್ತ ಕೆಂಪು ಬಂಡೆಗಳ ದಾರಿಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ರೂಬಿಕಾನ್ ಟ್ರೇಲ್ ಇದೆ. ಇಂಥ ಕಡೆ ಓಡಾಡುವ ಪಿಕಪ್‌ಗಳನ್ನು ನೋಡಿದರೆ ಒಳಗೆ ಹತ್ತೋಕೆ ಏಣಿ ಬೇಕೇನೋ ಅನ್ನಿಸುತ್ತದೆ. ಕಂಪನಿ ಕೊಟ್ಟ ಎತ್ತರ ಸಾಲದು ಅಂತ ಮಾಲೀಕರು ನಾಲ್ಕು ಇಂಚು, ಆರು ಇಂಚು ಎತ್ತಿಸಿರುತ್ತಾರೆ. ಅದಕ್ಕೆ ಬೇಕಾದ ಸ್ಪ್ರಿಂಗ್, ಉದ್ದದ ಶಾಕ್ ಅಬ್ಸಾರ್ಬರ್, ಬೋಲ್ಟು, ಬ್ರಾಕೆಟ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಸಿಗುತ್ತದೆ. ಹೆಸರು ಲಿಫ್ಟ್ ಕಿಟ್.

ಎತ್ತುವುದರಲ್ಲಿ ಎರಡು ಬಗೆ. ಬಾಡಿಗೂ ಚಾಸಿಗೂ (ಗಾಡಿಯ ತಳದ ಉಕ್ಕಿನ ಚೌಕಟ್ಟು) ನಡುವೆ ದಪ್ಪ ಬಿಲ್ಲೆಗಳನ್ನಿಟ್ಟು ಬಾಡಿ ಮಾತ್ರ ಮೇಲೆತ್ತುವುದು ಒಂದು. ಸ್ಪ್ರಿಂಗ್ ಬದಲಿಸಿ ಚಾಸಿಯನ್ನೇ ಆಕ್ಸಲ್‌ನಿಂದ (ಎಡಬಲದ ಚಕ್ರಗಳನ್ನು ಹೊತ್ತ ಅಡ್ಡ ದಂಡ) ದೂರ ಮಾಡುವುದು ಇನ್ನೊಂದು. ತಂಟೆ ಜಾಸ್ತಿ ಇರುವುದು ಎರಡನೆಯದರಲ್ಲಿ. ಚಾಸಿಗೂ ಆಕ್ಸಲ್‌ಗೂ ನಡುವೆ ಸ್ಪ್ರಿಂಗ್ ಒಂದೇ ಇರುವುದಿಲ್ಲ. ಚಕ್ರದ ಬ್ರೇಕಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆ, ಅಂದರೆ ಬ್ರೇಕ್ ಹೋಸ್ ಇದೆ, ಹ್ಯಾಂಡ್ ಬ್ರೇಕ್ ಕೇಬಲ್ ಇದೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಸೆನ್ಸರ್‌ನ ವೈರ್ ಇದೆ. ಇವೆಲ್ಲ ಹಳೆಯ ದೂರಕ್ಕೆ ಅಳತೆ ಮಾಡಿ ಹಾಕಿದವು. ಸ್ಪ್ರಿಂಗ್ ಬದಲಾಯಿತು ಅಂತ ಇವಕ್ಕೆ ಯಾರೂ ಹೇಳಿರುವುದಿಲ್ಲ.

ಈ ಹೋಸ್ ಬಂದದ್ದೇ ಆಕ್ಸಲ್ ಅಲುಗಾಟದ ಕಾಟ ತಪ್ಪಿಸಲು. ನೂರು ವರ್ಷದ ಹಿಂದೆ ಕಾರುಗಳ ಬ್ರೇಕ್ ಕೆಲಸ ಮಾಡುತ್ತಿದ್ದದ್ದು ಸರಳು, ತಂತಿಗಳಿಂದ. ಹಳ್ಳಕ್ಕೆ ಇಳಿದಾಗ ಆಕ್ಸಲ್ ಕೆಳಗೆ ಹೋಗುತ್ತಿತ್ತು, ಸರಳು ಜಗ್ಗುತ್ತಿತ್ತು, ಪೆಡಲ್ ಮುಟ್ಟದಿದ್ದರೂ ಒಂದು ಚಕ್ರಕ್ಕೆ ಬ್ರೇಕ್ ಬೀಳುತ್ತಿತ್ತು. ಮಾಲ್ಕಮ್ ಲಾಕ್‌ಹೀಡ್ ರೂಪಿಸಿದ ದ್ರವದ ಬ್ರೇಕ್ 1921ರ ಡ್ಯೂಸನ್‌ಬರ್ಗ್ ಕಾರಿನ ನಾಲ್ಕೂ ಚಕ್ರಕ್ಕೆ ಬಂತು. (ವಿಮಾನ ಕಂಪನಿ ಲಾಕ್‌ಹೀಡ್ ಕಟ್ಟಿದ ಅಣ್ಣತಮ್ಮಂದಿರಲ್ಲಿ ಇವನೂ ಒಬ್ಬ.) ಪೈಪಿನಲ್ಲಿ ತುಂಬಿದ ದ್ರವವನ್ನು ಒಂದು ತುದಿಯಲ್ಲಿ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮ ಹೋಗುತ್ತದೆ. ಪೈಪ್ ನೆಟ್ಟಗಿರಲಿ, ಬಾಗಿರಲಿ, ಅಲ್ಲಾಡುತ್ತಿರಲಿ, ದ್ರವಕ್ಕೆ ಲೆಕ್ಕವೇ ಇಲ್ಲ. ಆದರೆ ಈ ಸ್ವಾತಂತ್ರ್ಯ ನಿಂತಿರುವುದು ಹೋಸ್ ಸ್ವಲ್ಪ ಸಡಿಲವಾಗಿರುವುದರ ಮೇಲೆ. ಸಡಿಲ ತೆಗೆದರೆ ಅದೂ ಒಂದು ಸರಳೇ ಆಗುತ್ತದೆ.

ಹೋಸ್ ನೋಡೋಕೆ ಸಣ್ಣದು, ಕೈಲಾಗದ್ದಲ್ಲ. ಒಳಗೆ ರಬ್ಬರ್ ನಳಿಗೆ, ಅದರ ಮೇಲೆ ಹೆಣೆದ ನೂಲಿನ ಪದರ, ಮೇಲೆ ಮತ್ತೆ ರಬ್ಬರ್. ಜೋರಾಗಿ ಬ್ರೇಕ್ ಒತ್ತಿದಾಗ ಒಳಗಿನ ಒತ್ತಡ ಚದರ ಇಂಚಿಗೆ 1000 ಪೌಂಡ್ ದಾಟುವುದುಂಟು. ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 70 ಪಟ್ಟು. ಅಮೆರಿಕದ ವಾಹನ ಸುರಕ್ಷತಾ ನಿಯಮ 106ರ ಪ್ರಕಾರ ಸಣ್ಣ ವ್ಯಾಸದ ಹೋಸ್ ಚದರ ಇಂಚಿಗೆ 7000 ಪೌಂಡ್‌ವರೆಗೆ ಒಡೆಯಬಾರದು. ಯಂತ್ರಕ್ಕೆ ಕಟ್ಟಿ 35 ಗಂಟೆ ಬಿಡದೆ ಬಳುಕಿಸಿದರೂ ತಡೆಯಬೇಕು. ಎಳೆತದ ಪರೀಕ್ಷೆಯೂ ಇದೆ: ನಿಧಾನವಾಗಿ 325 ಪೌಂಡ್, ಸುಮಾರು 147 ಕಿಲೋ ಬಲದಲ್ಲಿ ಎಳೆದಾಗ ತುದಿಯ ಲೋಹದ ಜೋಡಣೆ ಕಿತ್ತು ಬರಬಾರದು. ದೊಡ್ಡ ಟಯರ್ ಹಾಕಿದ ಆಕ್ಸಲ್ ಗುಂಡಿಗೆ ಬೀಳುವಾಗ ಕೊಡುವ ಜಗ್ಗಿನ ಮುಂದೆ 147 ಕಿಲೋ ದೊಡ್ಡ ಮಾತೇನಲ್ಲ. ಹೋಸನ್ನು ಮಾಡಿರುವುದು ಒತ್ತಡ ತಡೆಯಲು, ಆಕ್ಸಲನ್ನು ನೇತುಹಾಕಲು ಅಲ್ಲ.

ಗ್ಯಾರೇಜಿನಲ್ಲಿ ಬಹಳ ಜನ ಮೋಸ ಹೋಗುವುದು ಇಲ್ಲೇ. ಲಿಫ್ಟ್ ಮುಗಿಸಿ ಗಾಡಿ ನೆಲಕ್ಕಿಳಿಸಿ ಕೆಳಗೆ ಬಗ್ಗಿ ನೋಡಿದರೆ ಹೋಸ್ ಇನ್ನೂ ಚೂರು ಬಾಗಿಯೇ ಇರುತ್ತದೆ. ಸಾಕು ಅನ್ನಿಸುತ್ತದೆ. ಸಾಲದು. ಒಂದು ಚಕ್ರ ಬಂಡೆ ಹತ್ತಿದಾಗ ಇನ್ನೊಂದು ಗಾಳಿಯಲ್ಲಿ ನೇತಾಡುತ್ತದೆ. ಅಳತೆ ನೋಡಬೇಕಾದದ್ದು ಆ ಸ್ಥಿತಿಯಲ್ಲಿ. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಕೆಳಗಿನ ಜಾಕ್ ನಿಧಾನಕ್ಕೆ ಇಳಿಸುತ್ತಾ ಹೋಗಬೇಕು. ಹೋಸ್ ಬಿಗಿಯಾಗುವ ಲಕ್ಷಣ ಕಂಡರೆ ಅಲ್ಲೇ ನಿಲ್ಲಿಸಬೇಕು. ಕೊನೆಗೆ ಆಕ್ಸಲನ್ನು ತಡೆಯಬೇಕಾದದ್ದು ಶಾಕ್ ಅಬ್ಸಾರ್ಬರ್ ಅಥವಾ ಅದಕ್ಕೆಂದೇ ಹಾಕಿದ ಪಟ್ಟಿ. ಗೂಟದ ಹಸುವಿನ ಹಾಗೆ ಹೋಸ್ ಇದ್ದಷ್ಟೇ ದೂರ ಆಕ್ಸಲ್ ಹೋಗುತ್ತಿದೆ ಅಂದರೆ ಕೆಲಸ ಕೆಟ್ಟಿದೆ ಅಂತಲೇ ಅರ್ಥ. ಹೊಸ ಶಾಕ್ ಅಬ್ಸಾರ್ಬರ್ ಉದ್ದವಿದ್ದಷ್ಟೂ ಆಕ್ಸಲ್ ಇನ್ನೂ ಕೆಳಗಿಳಿಯುತ್ತದೆ, ಹಾಗಾಗಿ ಹೋಸ್ ಮೇಲಿನ ಎಳೆತಕ್ಕೆ ಎಷ್ಟೋ ಸಲ ಕಾರಣ ಸ್ಪ್ರಿಂಗ್‌ಗಿಂತ ಅದೇ. ಮುಂದಿನ ಚಕ್ರಗಳನ್ನು ಹೀಗೆ ತೂಗಿಸಿದಾಗ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಬೇಕು.

ಪರಿಹಾರ ಎರಡೇ. ಉದ್ದದ ಹೋಸ್ ಹಾಕುವುದು, ಇಲ್ಲವೇ ಚಾಸಿಯ ಮೇಲಿರುವ ಹೋಸ್ ಬ್ರಾಕೆಟ್ಟನ್ನು ಕೆಳಗಿಳಿಸುವುದು. ಬ್ರಾಕೆಟ್ ಇಳಿಸಿದರೆ ಅದಕ್ಕೆ ಬರುವ ಸ್ಟೀಲ್ ಪೈಪನ್ನೂ ಸ್ವಲ್ಪ ಬಗ್ಗಿಸಬೇಕಾಗುತ್ತದೆ. ತುಕ್ಕು ಹಿಡಿದ ಹಳೆ ಪೈಪ್ ಅದಕ್ಕೆ ಒಪ್ಪುವುದಿಲ್ಲ. ಹೋಸನ್ನು ಬೇಕಾಬಿಟ್ಟಿ ಉದ್ದ ಮಾಡಿದರೂ ಕಷ್ಟ, ಟಯರಿಗೆ ಉಜ್ಜುತ್ತದೆ. ಇನ್ನು ಹೋಸ್ ಮೇಲೆ ಉದ್ದಕ್ಕೆ ಎಳೆದ ಗೆರೆ ನೋಡಿದ್ದೀರಾ? ಅದು ಸುಮ್ನೆ ಅಂದಕ್ಕಲ್ಲ. ಬಿಗಿ ಮಾಡಿದ ಮೇಲೆ ಆ ಗೆರೆ ಬಳ್ಳಿಯಂತೆ ಸುತ್ತಿಕೊಂಡಿದ್ದರೆ ಹೋಸ್ ತಿರುಚಿದೆ ಅಂತ, ಬಿಚ್ಚಿ ಮತ್ತೆ ಹಾಕಬೇಕು.

ನನಗೆ ಇದರಲ್ಲೆಲ್ಲ ಅತಿ ಸ್ವಾರಸ್ಯ ಅನ್ನಿಸುವುದು ಹಳೆಯ ಟೊಯೋಟಾ ಪಿಕಪ್‌ಗಳ ಹಿಂಬದಿಯಲ್ಲಿರುವ ಒಂದು ವಾಲ್ವ್. 1980ರ ದಶಕದ ಈ ಗಾಡಿಗಳೆಂದರೆ ಅಮೆರಿಕದ ಬಂಡೆ ಹತ್ತುವವರಿಗೆ ಇವತ್ತಿಗೂ ಪ್ರಾಣ. ಪಿಕಪ್‌ನ ತೊಂದರೆ ಏನೆಂದರೆ ಹಿಂದಿನ ತೂಕ ಒಂದೇ ಸಮ ಇರುವುದಿಲ್ಲ. ಲೋಡ್ ಇದ್ದಾಗ ಹಿಂದಿನ ಚಕ್ರಗಳಿಗೆ ಜಾಸ್ತಿ ಬ್ರೇಕ್ ಬೇಕು. ಖಾಲಿ ಇದ್ದಾಗ ಅಷ್ಟೇ ಬ್ರೇಕ್ ಕೊಟ್ಟರೆ ಅವು ಉರುಳುವುದು ನಿಲ್ಲಿಸಿ ಜಾರುತ್ತವೆ, ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಸರಳ. ಚಾಸಿಗೆ ಒಂದು ವಾಲ್ವ್, ಅದರಿಂದ ಆಕ್ಸಲ್‌ಗೆ ಒಂದು ಕಂಬಿ. ಲೋಡ್ ಹೇರಿದರೆ ಚಾಸಿ ಆಕ್ಸಲ್ ಹತ್ತಿರ ಬರುತ್ತದೆ, ಕಂಬಿ ವಾಲ್ವನ್ನು ತಳ್ಳುತ್ತದೆ, ಹಿಂದಿನ ಬ್ರೇಕ್‌ಗೆ ಒತ್ತಡ ಹೆಚ್ಚುತ್ತದೆ. ಲೋಡ್ ಇಳಿಸಿದರೆ ಉಲ್ಟಾ.

ಈಗ ಈ ಗಾಡಿಯನ್ನು ನಾಲ್ಕು ಇಂಚು ಎತ್ತಿ ನೋಡಿ. ವಾಲ್ವ್‌ಗೆ ತೂಕ ಗೊತ್ತಿಲ್ಲ, ಗೊತ್ತಿರುವುದು ದೂರ ಮಾತ್ರ. ದೂರ ಹೆಚ್ಚಾದದ್ದು ಕಂಡು ಅದು ಹಿಂದೆ ಏನೂ ಇಲ್ಲ ಅಂದುಕೊಳ್ಳುತ್ತದೆ. ತುಂಬಿದ ಲೋಡ್ ಇದ್ದರೂ ಅಷ್ಟೇ. ಹಿಂದಿನ ಬ್ರೇಕ್ ಹೆಸರಿಗೆ ಮಾತ್ರ ಉಳಿಯುತ್ತದೆ, ಮುಂದಿನ ಬ್ರೇಕ್‌ಗಳು ಎಲ್ಲ ಭಾರ ಹೊತ್ತು ಬೇಗ ಸವೆಯುತ್ತವೆ. ಎಲ್ಲೂ ಸೋರಿಕೆ ಇಲ್ಲ, ದೀಪ ಹತ್ತುವುದಿಲ್ಲ, ಹಾಗಾಗಿ ಪತ್ತೆಯೂ ಆಗುವುದಿಲ್ಲ. ಆಕ್ಸಲ್ ಮೇಲೆ ಕಂಬಿ ಕೂರುವ ಜಾಗವನ್ನು ಲಿಫ್ಟಿನಷ್ಟೇ ಎತ್ತರಿಸುವ ಬ್ರಾಕೆಟ್ ಹಾಕಿದರೆ ವಾಲ್ವ್ ಸರಿದಾರಿಗೆ ಬರುತ್ತದೆ. ತಂಟೆಯೇ ಬೇಡ ಅಂತ ವಾಲ್ವನ್ನೇ ಕಿತ್ತೆಸೆಯುವವರೂ ಇದ್ದಾರೆ. ಖಾಲಿ ಪಿಕಪ್‌ನಲ್ಲಿ, ಮಳೆ ಬಿದ್ದ ರಸ್ತೆಯಲ್ಲಿ ಅಂಥವರ ಪಕ್ಕ ಕೂರಲು ನಾನಂತೂ ಒಲ್ಲೆ.

ಹ್ಯಾಂಡ್ ಬ್ರೇಕ್ ವಿಷಯಕ್ಕೆ ಬಂದರೆ ನಾವು ಮತ್ತೆ ತಂತಿಯ ಕಾಲಕ್ಕೇ ಹೋಗುತ್ತೇವೆ. ಸೈಕಲ್ ಬ್ರೇಕ್‌ನಲ್ಲಿರುವಂಥದೇ ಕೇಬಲ್ ಇದು. ಅರ್ನೆಸ್ಟ್ ಮೊನಿಂಗ್ಟನ್ ಬೌಡನ್ 1896ರಲ್ಲಿ ಪೇಟೆಂಟ್ ಪಡೆದ ಉಪಾಯ. ಒಳಗಿನ ತಂತಿ ಎಳೆಯುತ್ತದೆ, ಹೊರಗಿನ ಕವಚ ಅಷ್ಟೇ ಬಲದಿಂದ ಎದುರು ಒತ್ತಿ ನಿಲ್ಲುತ್ತದೆ. ಕವಚದೊಳಗೆ ಇರುವಷ್ಟು ದೂರ ಕೇಬಲ್ ಎತ್ತ ಬಾಗಿದರೂ ತಂತಿಯ ಎಳೆತ ಹೆಚ್ಚುಕಡಿಮೆ ಅಷ್ಟೇ. ಪಿಕಪ್‌ಗಳಲ್ಲಿ ದಾರಿಯ ಒಂದಷ್ಟು ಭಾಗದಲ್ಲಿ ತಂತಿಗೆ ಕವಚ ಇರುವುದಿಲ್ಲ. ಲಿಫ್ಟ್ ಆದ ಮೇಲೆ ಕವಚದ ಭಾಗ ಪೂರ್ತಿ ಬಿಗಿದು ತನ್ನ ಕ್ಲಿಪ್ ಕಿತ್ತುಕೊಂಡರೆ, ಅಥವಾ ಬರೀ ತಂತಿಯ ದಾರಿ ಉದ್ದವಾದರೆ, ಲಿವರ್ ಎಳೆಯದೆಯೇ ಹಿಂದಿನ ಬ್ರೇಕ್ ಡ್ರಮ್ (ಚಕ್ರದ ಜೊತೆ ತಿರುಗುವ ಲೋಹದ ಬಟ್ಟಲು) ಹಿಡಿಯುತ್ತದೆ. ಗಾಡಿ ಭಾರ ಎಳೆದಂತೆ ಓಡುತ್ತದೆ, ಡ್ರಮ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕೆಲವು ಗಾಡಿಗಳಲ್ಲಿ ಕ್ಲಿಪ್ಪಿನ ಜಾಗ ಬದಲಿಸಿದರೆ ಒಂದೆರಡು ಇಂಚು ಸಿಕ್ಕಿಬಿಡುತ್ತದೆ. ಉಳಿದವಕ್ಕೆ ಉದ್ದದ ಕೇಬಲ್ಲೇ ಗತಿ. ಅಡ್ಜಸ್ಟ್ ನಟ್ ಪೂರ್ತಿ ಸಡಿಲ ಮಾಡಿ ಕೈತೊಳೆದುಕೊಂಡರೆ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಉರುಳಿಹೋದೀತು.

ಹೋಸ್ ಬದಲಿಸಿದಾಗ ಒಳಗೆ ಗಾಳಿ ಸೇರುತ್ತದೆ. ಬ್ರೇಕ್ ಆಯಿಲ್ ಕುಗ್ಗುವುದಿಲ್ಲ ಅನ್ನಬಹುದು, ಗಾಳಿ ಕುಗ್ಗುತ್ತದೆ. ಲೆಕ್ಕ ಹಾಕಿ ನೋಡೋಣ. ಪೆಡಲ್ ಒತ್ತಿದಾಗ ಪಿಸ್ಟನ್‌ನಿಂದ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ 25 ಮಿಲಿಮೀಟರ್ ವ್ಯಾಸದ್ದು ಅಂದುಕೊಳ್ಳಿ. ಒಳಗೆ 1 ಮಿಲಿಲೀಟರ್ ಗಾಳಿ ಉಳಿದರೆ ಅದನ್ನು ಹಿಂಡಲಿಕ್ಕೇ ಪಿಸ್ಟನ್ ಸುಮಾರು 2 ಮಿಲಿಮೀಟರ್ ಹೆಚ್ಚು ಚಲಿಸಬೇಕು. ಪೆಡಲ್ ಐದು ಪಟ್ಟಿನ ಸನ್ನೆಕೋಲು ಅಂದುಕೊಂಡರೆ ಕಾಲು 1 ಸೆಂಟಿಮೀಟರ್ ಜಾಸ್ತಿ ಇಳಿಯುತ್ತದೆ. ಒಂದು ಚಿಕ್ಕ ಗುಳ್ಳೆಗೆ ಇಷ್ಟು. ಆದ್ದರಿಂದ ಏರ್ ತೆಗೆಯುವಾಗ ಅವಸರ ಬೇಡ. ಎಬಿಎಸ್ ಇರುವ ಕೆಲವು ಗಾಡಿಗಳಲ್ಲಿ ಇದಕ್ಕೆ ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಕೂಡ ಬೇಕು.

ದೊಡ್ಡ ಟಯರೂ ಬ್ರೇಕಿನ ಪಾಲು ತಿನ್ನುತ್ತದೆ. 31 ಇಂಚಿನ ಟಯರ್ ತೆಗೆದು 35 ಇಂಚಿನದು ಹಾಕಿದರೆ, ಅದೇ ಪೆಡಲ್ ಒತ್ತಡಕ್ಕೆ ರಸ್ತೆಯ ಮೇಲೆ ಸಿಗುವ ತಡೆ ಸುಮಾರು 11 ಶೇಕಡಾ ಇಳಿಯುತ್ತದೆ.

ಕೊಡಗು, ಸಕಲೇಶಪುರದ ಕಡೆ ಎತ್ತಿಸಿದ ಜೀಪುಗಳು ಕಾಣುತ್ತವೆ, ಅವುಗಳ ಹೋಸ್, ಕೇಬಲ್‌ಗಳ ಕಥೆಯೂ ಇದೇ. ಕಾನೂನು ಮಾತ್ರ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಹೇಳಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಎಲ್ಲೇ ಎತ್ತಿಸಿರಲಿ, ಮೊದಲ ಕಚ್ಚಾ ರಸ್ತೆಯ ಓಡಾಟ ಮುಗಿದ ಮೇಲೆ ಟಾರ್ಚ್ ಹಿಡಿದು ಇನ್ನೊಮ್ಮೆ ಗಾಡಿ ಕೆಳಗೆ ನೋಡಬೇಕು. ಹೋಸ್ ಮೇಲೆ ಉಜ್ಜಿ ಹೊಳೆಯುವ ಜಾಗ ಇದೆಯಾ, ಜೋಡಣೆಗಳ ಹತ್ತಿರ ಒದ್ದೆ ಇದೆಯಾ, ಕೇಬಲ್ ಕ್ಲಿಪ್ ತನ್ನ ಜಾಗದಲ್ಲೇ ಇದೆಯಾ. ಸಂಶಯ ಬಂದರೆ ಒದ್ದೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬ್ರೇಕ್ ಆಯಿಲ್ ಆಗಿದ್ದರೆ ಸುತ್ತಲಿನ ಪೇಂಟ್ ಕೂಡ ಮೆತ್ತಗಾಗಿ ಬಟ್ಟೆಗೆ ಅಂಟಿ ಬರಬಹುದು.